ಹಾಲಮ್ಮನ ಅಂಗಳದ ಗ್ರಹಣ

ಒಂದೂರಿನಲ್ಲಿ ಹಾಲಮ್ಮ ಅಂತ ಒಬ್ಬಳಿದ್ದಳು. ಬಸ್ ಸ್ಟ್ಯಾಂಡಿನ ಎದುರು ಅವಳದೊಂದು ಮಂಡಕ್ಕಿ-ಮಿರ್ಚಿ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಗಂಡ ತೀರಿಕೊಂಡಿದ್ದ. ಮಗ ಲಾರಿ ಹತ್ತಿ ಹೋದರೆ ಯಾವಾಗ ಬರುತ್ತಾನೆ ಅನ್ನುವುದು ಆ ಲಾರಿಗೂ ಗೊತ್ತಿರುತ್ತಿರಲಿಲ್ಲ. ಮನೆಯಲ್ಲಿ ಬಸುರಿ ಸೊಸೆ ದಾಕ್ಷಾಯಣಿ. ಅತ್ತೆಯ ಹೊಟ್ಟೆ, ಸೊಸೆಯ ಹೊಟ್ಟೆ, ಸೊಸೆಯ ಹೊಟ್ಟೆಯೊಳಗಿನ ಪುಟ್ಟ ಹೊಟ್ಟೆ, ಎಲ್ಲವೂ ಆ ಒಂದು ಬಾಣಲೆಯಿಂದಲೇ ತುಂಬಬೇಕು.

ಹಾಲಮ್ಮನ ಮಿರ್ಚಿ ತಿಂದವರು ಕಣ್ಣೀರು ಸುರಿಸುತ್ತಾ ಇನ್ನೊಂದು ಕೊಡು ಅನ್ನುತ್ತಿದ್ದರು. ಅಷ್ಟು ಚೆನ್ನಾಗಿ ಕರಿಯುತ್ತಿದ್ದಳು. ಸುಮ್ಮನೆ ಕರಿದುಕೊಂಡು ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅವಳಿಗೆ ಆಕಾಶದ ಹುಚ್ಚು ಹತ್ತಿತು.

ಹತ್ತಿದ್ದು ಹೀಗೆ. ಒಂದು ಸಂಜೆ ಕಾಲೇಜು ಹುಡುಗರ ಬಸ್ಸು ಕೆಟ್ಟು ಅವಳ ಅಂಗಡಿಯ ಮುಂದೆ ನಿಂತಿತು. ಹುಡುಗರ ಹತ್ತಿರ ದುರ್ಬೀನು ಇತ್ತು. ಮೆಕ್ಯಾನಿಕ್ ಬರುವವರೆಗೆ ಹೊತ್ತು ಹೋಗಬೇಕಲ್ಲ, ಅದನ್ನು ಅಲ್ಲೇ ಹೂಡಿ, "ಬನ್ನಿ ಅಮ್ಮ, ನೀವೂ ನೋಡಿ" ಅಂದರು. ಹಾಲಮ್ಮ ಕಡ್ಲೆಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಕಣ್ಣಿಟ್ಟಳು.

"ಇದ್ಯಾರಪ್ಪಾ, ಬಳೆ ತೊಟ್ಕಂಡಿರೋನು?"

"ಅದು ಶನಿ, ಅಮ್ಮ."

ಹಾಲಮ್ಮ ಕಣ್ಣು ತೆಗೆದು ಬರಿಗಣ್ಣಿನಲ್ಲಿ ಆಕಾಶ ನೋಡಿದಳು. ಮತ್ತೆ ಕಣ್ಣಿಟ್ಟಳು.

"ಇಷ್ಟು ಚೆಂದ ಇರೋನು ನಮ್ಮಂಥವರ ಹೆಗಲಿಗೆ ಯಾಕಪ್ಪಾ ಏರ್ತಾನೆ? ಯಾರೋ ಸುಳ್ಳು ಹೇಳ್ಯಾರೆ."

ಬಸ್ಸು ರಿಪೇರಿಯಾಗಿ ಹೋಯಿತು. ಹುಚ್ಚು ಇಲ್ಲೇ ಇಳಿದುಕೊಂಡಿತು.

ಅವತ್ತಿನಿಂದ ಹಾಲಮ್ಮ ಮಿರ್ಚಿಯ ಜೊತೆ ಪ್ರಶ್ನೆಯನ್ನೂ ಕೊಡತೊಡಗಿದಳು. ಚಂದ್ರ ದಿನದಿಂದ ದಿನಕ್ಕೆ ಯಾಕೆ ಸವೆಯುತ್ತಾನೆ? ಸವೆದವನು ಯಾಕೆ ತುಂಬಿಕೊಳ್ಳುತ್ತಾನೆ? ಬಂದ ಗಿರಾಕಿಗಳು, "ಮೊದ್ಲು ಚಟ್ನಿ ಹಾಕವ್ವ, ಚಂದ್ರ ಎಲ್ಲೂ ಓಡಿಹೋಗಲ್ಲ" ಅನ್ನುತ್ತಿದ್ದರು. ಕಡೆಗೆ ಅವಳೇ ಒಂದು ಉತ್ತರ ಕಟ್ಟಿಕೊಂಡಳು. ನಮ್ಮ ಭೂಮಿಯ ನೆರಳು ಬಿದ್ದು ಚಂದ್ರ ಸವೆಯುತ್ತಾನೆ ಅಂತ. ಅದನ್ನೇ ಎಲ್ಲರಿಗೂ ಸಾರಿದಳು. ಊರೂ ಒಪ್ಪಿತು, ಒಪ್ಪಿದರೆ ಬೇಗ ಚಟ್ನಿ ಬರುತ್ತಿತ್ತು.

ಆಮೇಲೊಂದು ದಿನ ಅಂಗಡಿಯ ಬಲ್ಬಿನ ಮುಂದೆ ನಿಂಬೆಹಣ್ಣು ಹಿಡಿದು ತಾನೇ ಸುತ್ತಲೂ ತಿರುಗಿದಳು. ಬಲ್ಬಿನ ಕಡೆಯ ಅರ್ಧ ಯಾವಾಗಲೂ ಬೆಳಗುತ್ತಿತ್ತು. ಅವಳು ತಿರುಗಿದ ಹಾಗೆಲ್ಲ ಅದರಲ್ಲಿ ಅವಳಿಗೆ ಕಾಣುವ ಪಾಲು ಮಾತ್ರ ಹೆಚ್ಚುಕಮ್ಮಿ ಆಗುತ್ತಿತ್ತು. ನೆರಳೂ ಇಲ್ಲ, ಸವೆತವೂ ಇಲ್ಲ. "ಅಯ್ಯೋ, ಅವನು ಬೆಳಕಿಲ್ಲದ ಮಗ್ಗಲು ತೋರಿಸ್ತಾನೆ ಅಷ್ಟೇ!" ಅಂದಳು. ಮರುದಿನ ಬಂದವರಿಗೆಲ್ಲ, "ನಾನು ಹೇಳಿದ್ದು ತಪ್ಪು ಕಣ್ರಪ್ಪಾ, ಮರೆತುಬಿಡ್ರಿ" ಅಂತ ಹೇಳಿದಳು.

ಯಾರೂ ಕೇಳದೆ, ಯಾರೂ ಹಿಡಿದು ಬಡಿಯದೆ, ತನ್ನ ತಪ್ಪನ್ನು ತಾನೇ ಹೇಳಿಕೊಂಡ ಮನುಷ್ಯರನ್ನು ಊರು ನೋಡಿದ್ದು ಅದೇ ಮೊದಲು. ಊರಿಗೆ ಅದು ಅಷ್ಟು ಸರಿ ಕಾಣಲಿಲ್ಲ.

ಇನ್ನು ಒನಕೆಯ ವಿಷಯ. ಮಿಕ್ಸಿ ಬಂದ ಮೇಲೆ ಆ ಊರಿನ ಒನಕೆಗಳಿಗೆ ಎರಡೇ ಕೆಲಸ ಉಳಿದಿದ್ದವು. ಮದುವೆಯಲ್ಲಿ ಅರಿಶಿನ ಕುಟ್ಟುವುದು, ಗ್ರಹಣದಲ್ಲಿ ನಿಲ್ಲುವುದು. ಗ್ರಹಣ ಹಿಡಿದಾಗ ಹಿತ್ತಾಳೆ ತಟ್ಟೆಯಲ್ಲಿ ಅರಿಶಿನದ ನೀರು ಹಾಕಿ, ನಡುವೆ ಒನಕೆ ಇಟ್ಟರೆ ಅದು ಯಾರ ಆಸರೆಯೂ ಇಲ್ಲದೆ ನೆಟ್ಟಗೆ ನಿಲ್ಲುತ್ತದೆ. ಗ್ರಹಣ ಬಿಟ್ಟ ಕೂಡಲೇ ತಾನಾಗಿ ಬೀಳುತ್ತದೆ. ಬೀಳುವವರೆಗೆ ಯಾರೂ ಅದನ್ನು ಮುಟ್ಟಬಾರದು, ಯಾರೂ ಬಾಯಿಗೆ ಏನೂ ಹಾಕಬಾರದು. ಗ್ರಹಣದ ಹೊತ್ತಿನ ಅನ್ನ ವಿಷ. ಇದು ಊರಿನ ನಂಬಿಕೆ.

ಊರಿನ ಒನಕೆ ಗುಡಿಯ ಮುಂದೆ ನಿಲ್ಲುತ್ತಿತ್ತು. ಅದರ ಯಜಮಾನಿಕೆ ಜವಳಿ ಅಂಗಡಿಯ ಪಂಪಾಪತಿ ಸಾವ್ಕಾರರದು. ಅವರು ಕೆಟ್ಟವರಲ್ಲ. ಎಲ್ಲದಕ್ಕೂ ಒಂದು ಕಾರಣ ಗೊತ್ತಿರುವವರು, ಅಷ್ಟೇ. "ಗ್ರಹಣದಾಗೆ ಭೂಮಿಯ ಎಳೆತ ಜಾಸ್ತಿ ಆಗ್ತೈತೆ. ಅದಕ್ಕೇ ಒನಕೆ ನಿಲ್ಲೋದು. ಇದು ಪೂರ್ತಿ ವೈಜ್ಞಾನಿಕ, ಮೊಬೈಲಿಗೇ ಬಂದೈತೆ" ಅನ್ನುತ್ತಿದ್ದರು. ಮೊಬೈಲಿಗೆ ಬಂದ ಮೇಲೆ ಮಾತುಂಟೇ?

ಆ ವರ್ಷ ಹಳೇ ಒನಕೆಗೆ ಗೆದ್ದಲು ಹಿಡಿದಿತ್ತು. ಬಡಗಿಯ ಹತ್ತಿರ ಹೊಸದು ಮಾಡಿಸಿದರು. ಬಡಗಿ ಒಳ್ಳೆಯ ಕೆಲಸಗಾರ. ಬುಡವನ್ನು ಗರಗಸದಿಂದ ಕೊಯ್ದು, ಉಜ್ಜಿ, ಹಾಸುಗಲ್ಲಿನ ಹಾಗೆ ಸಪಾಟು ಮಾಡಿಕೊಟ್ಟ. ತಪ್ಪು ಆಗಿದ್ದು ಅಲ್ಲೇ. ಹಳೆಯದರ ಬುಡ ಸವೆದು ಗುಂಡಗಾಗಿತ್ತು, ಸ್ವಲ್ಪ ಹೊತ್ತು ನಿಂತು ಬೀಳುತ್ತಿತ್ತು. ಹೊಸದು ನಿಂತಿತು ಅಂದರೆ ನಿಂತಿತು.

ಸೂರ್ಯಗ್ರಹಣದ ದಿನ ಬೆಳಿಗ್ಗೆಯಿಂದ ಊರೆಲ್ಲ ಉಪವಾಸ. ಹಾಲಮ್ಮನೂ ಅಂಗಡಿ ಮುಚ್ಚಿದ್ದಳು. ಆದರೆ ಅಂಗಳದಲ್ಲಿ ಮಂಡಕ್ಕಿ ಜರಡಿಯನ್ನು ಬಿಸಿಲಿಗೆ ಎತ್ತಿ ಹಿಡಿದು, ನೆಲದ ಮೇಲೆ ಬಿದ್ದ ಬೆಳಕಿನ ಚುಕ್ಕಿಗಳನ್ನು ನೋಡುತ್ತಿದ್ದಳು. ಒಂದೊಂದು ತೂತಿನಿಂದಲೂ ಒಂದೊಂದು ಪುಟ್ಟ ಸೂರ್ಯ. ಪ್ರತಿಯೊಂದನ್ನೂ ಯಾರೋ ಒಂದೇ ಕಡೆಯಿಂದ ಕಚ್ಚಿದ್ದರು. ಕಚ್ಚು ದೊಡ್ಡದಾಯಿತು. ಆಮೇಲೆ ಮೆಲ್ಲಗೆ ಜಾರಿ ಹೊರಗೆ ಹೋಯಿತು. ಚುಕ್ಕಿಗಳೆಲ್ಲ ಮತ್ತೆ ಗುಂಡಗಾದವು.

"ಮುಗೀತು ದಾಕ್ಷಿ, ಹೊರಗೆ ಬಾ, ಉಣ್ಣು" ಅಂದಳು.

ಕತ್ತಲೆ ಕೋಣೆಯಲ್ಲಿ ಕೂತಿದ್ದ ದಾಕ್ಷಾಯಣಿ ಗೋಡೆ ಹಿಡಿದುಕೊಂಡು ಎದ್ದಳು. ತುಟಿ ಒಣಗಿತ್ತು. "ಒನಕೆ ಬಿತ್ತಾ ಅತ್ತೆ?"

ಒನಕೆ ಬಿದ್ದಿರಲಿಲ್ಲ. ಬಿಸಿಲು ನೆತ್ತಿ ಸುಡುತ್ತಿತ್ತು. ಪಂಚಾಂಗದ ಮೋಕ್ಷಕಾಲ ಯಾವಾಗಲೋ ದಾಟಿತ್ತು. ಊರಿನವರು ಗುಡಿಯ ಮುಂದೆ ಕೈಮುಗಿದುಕೊಂಡು, ಎಂಜಲೂ ನುಂಗದೆ, ಒನಕೆಯನ್ನೇ ನೋಡುತ್ತಾ ಕೂತಿದ್ದರು. ದಾಕ್ಷಾಯಣಿ ಹೊಸ್ತಿಲಲ್ಲೇ ಕುಸಿದಳು.

ಹಾಲಮ್ಮ ಅವಳಿಗೆ ನೀರು ಕುಡಿಸಿ, ಉಪ್ಪಿಟ್ಟು ತಿನ್ನಿಸಿ, ಜರಡಿ ಹಿಡಿದುಕೊಂಡು ಗುಡಿಯ ಹತ್ತಿರ ಬಂದಳು.

"ಸಾವ್ಕಾರ್ರೇ, ಗ್ರಹಣ ಬಿಟ್ಟು ಯಾವ ಕಾಲವಾಯ್ತು. ಬೇಕಾದ್ರೆ ಇದರಾಗೆ ನೋಡ್ರಿ. ಮನೆಮನೇಲಿ ಹುಡುಗ್ರು ಅಳ್ತಾವೆ."

"ಒನಕೆ ನಿಂತೈತಲ್ಲವ್ವ."

"ಬುಡ ಸಪಾಟಾಗಿದ್ದು, ಭಾರ ನೆಟ್ಟಗೆ ಇಳಿದ್ರೆ ಒನಕೆ ಯಾವತ್ತು ಬೇಕಾದ್ರೂ ನಿಲ್ತೈತೆ. ಕುಡಿದಿಲ್ಲದಿದ್ರೆ ಡ್ರೈವರ್ ಕರಿಯಪ್ಪನೂ ನಿಲ್ತಾನೆ."

ಯಾರೋ ಕಿಸಕ್ಕನೆ ನಕ್ಕರು. ಸಾವ್ಕಾರರಿಗೆ ನಗು ಬರಲಿಲ್ಲ. "ಹಂಗಾದ್ರೆ ಗ್ರಹಣ ಇಲ್ಲದ ದಿನ ನಿಲ್ಲಿಸಿ ತೋರಿಸು. ನೋಡೋಣ."

"ತೋರಿಸ್ತೀನಿ."

ಅಷ್ಟರಲ್ಲಿ ಒಂದು ಮೇಕೆ ಅರಿಶಿನದ ನೀರು ಕುಡಿಯಲು ಬಂದು ಒನಕೆಗೆ ಕೊಂಬು ತಾಗಿಸಿತು. ಒನಕೆ ಬಿತ್ತು. ಪಂಚಾಂಗದಿಂದ ಬರದ ಮೋಕ್ಷ ಮೇಕೆಯಿಂದ ಬಂತು. ಜನ "ಬಿಡ್ತು, ಬಿಡ್ತು" ಅಂತ ಕೂಗುತ್ತಾ ಊಟಕ್ಕೆ ಓಡಿದರು.

ಮುಂದಿನ ಸಂತೆಯ ದಿನ, ಆಕಾಶದಲ್ಲಿ ಒಂದು ಮೋಡವೂ ಇಲ್ಲದಾಗ, ಹಾಲಮ್ಮ ತನ್ನ ಅಂಗಡಿಯ ಅಂಗಳದಲ್ಲಿ ತಟ್ಟೆ ಇಟ್ಟು ಗುಡಿಯಿಂದ ತಂದ ಅದೇ ಹೊಸ ಒನಕೆಯನ್ನು ಇಟ್ಟಳು. ಊರೆಲ್ಲ ಸೇರಿತ್ತು. ಅರ್ಧ ಜನ ಮಿರ್ಚಿ ತಿನ್ನುತ್ತಾ ನೋಡುತ್ತಿದ್ದರು. ಹಾಲಮ್ಮ ಒನಕೆಯನ್ನು ಅತ್ತ ಇತ್ತ ಒಂದಿಷ್ಟು ಸರಿಸಿ ಕೈ ಬಿಟ್ಟಳು.

ಒನಕೆ ನಿಂತಿತು. ಮುಂಜಿ ಮನೆಯ ವಟುವಿನ ಹಾಗೆ ಅಲ್ಲಾಡದೆ ನಿಂತಿತು.

ಹಾಲಮ್ಮನ ಎದೆ ಹಿಗ್ಗಿತು. ಇನ್ನು ಮುಂದಿನ ಗ್ರಹಣಕ್ಕೆ ಯಾವ ಬಸುರಿಯೂ ಬಾಯಾರಿ ಬೀಳುವುದಿಲ್ಲ ಅಂದುಕೊಂಡಳು. ಎಲ್ಲರಿಗೂ ಜರಡಿ ಹಿಡಿಯುವುದು ಹೇಳಿಕೊಡುತ್ತೇನೆ ಅಂದುಕೊಂಡಳು. ಪಾಪ, ಏನೇನೋ ಅಂದುಕೊಂಡಳು.

ಪಂಪಾಪತಿ ಸಾವ್ಕಾರರು ಒನಕೆಯ ಸುತ್ತ ಒಂದು ಸುತ್ತು ಬಂದರು.

"ಹಾಲಮ್ಮ ಹೇಳಿದ್ದು ಸರಿ. ನಿಂತೈತೆ" ಅಂದರು. ಆಮೇಲೆ ಧ್ವನಿ ಇಳಿಸಿದರು. "ಒನಕೆ ನಿಲ್ಲೋದು ಗ್ರಹಣ ಹಿಡಿದಾಗ. ನಮ್ಮ ಅಜ್ಜನ ಕಾಲದಿಂದ ಒನಕೆ ಸುಳ್ಳು ಹೇಳಿಲ್ಲ. ಮೇಲೆ ನೋಡಿದ್ರೆ ಸೂರ್ಯ ಚೆನ್ನಾಗೇ ಅದಾನೆ. ಹಂಗಾದ್ರೆ ಗ್ರಹಣ ಹಿಡಿದಿರೋದು ಯಾರಿಗೆ?"

ಎಲ್ಲರೂ ಅಂಗಳ ನೋಡಿದರು. ಅಂಗಡಿ ನೋಡಿದರು. ಬಾಗಿಲಲ್ಲಿ ನಿಂತಿದ್ದ ದಾಕ್ಷಾಯಣಿಯ ಹೊಟ್ಟೆ ನೋಡಿದರು.

"ಒನಕೆ ಬೀಳೋ ಮೊದಲೇ ಉಂಡರಂತೆ ಇವರ ಮನೇಲಿ" ಅಂದಳು ಒಬ್ಬಳು. "ಬಿಡಬೇಕಾದ ಗ್ರಹಣ ಇಲ್ಲೇ ಉಳಕಂಡೈತೆ."

ಒಬ್ಬ ಗಿರಾಕಿ ಅರ್ಧ ಕಚ್ಚಿದ ಮಿರ್ಚಿಯನ್ನು ಮೆಲ್ಲಗೆ ತಟ್ಟೆಗೆ ವಾಪಸ್ ಇಟ್ಟ. ಇನ್ನೊಬ್ಬ ಬಾಯಲ್ಲಿದ್ದುದನ್ನೇ ಉಗಿದ. ಗ್ರಹಣದ ಮನೆಯ ಅನ್ನ ವಿಷ ತಾನೇ? ನೋಡನೋಡುತ್ತಾ ಅಂಗಳ ಖಾಲಿಯಾಯಿತು. ಒನಕೆ ಮಾತ್ರ ನಿಂತೇ ಇತ್ತು.

ಮರುದಿನ ಬೋಣಿ ಇಲ್ಲ. ಅದರ ಮರುದಿನವೂ ಇಲ್ಲ. ಬೇರೆ ಊರಿನ ಬಸ್ಸಿನಿಂದ ಇಳಿದವರು ಮಿರ್ಚಿಯ ವಾಸನೆಗೆ ಹತ್ತಿರ ಬಂದರೆ, ಎದುರಿನ ಅಂಗಡಿಯವರು ಕೈಬೀಸಿ ಬೇಡ ಅನ್ನುತ್ತಿದ್ದರು. ಕರಿದ ಮಿರ್ಚಿಯನ್ನು ಅತ್ತೆ ಸೊಸೆ ಎಷ್ಟು ದಿನ ಅಂತ ತಿನ್ನುತ್ತಾರೆ? ಆಮೇಲೆ ಕರಿಯಲು ಹಿಟ್ಟೂ ಉಳಿಯಲಿಲ್ಲ.

ಹಾಲಮ್ಮ ಸುಮ್ಮನಿರಲಿಲ್ಲ. ಒನಕೆ ಹೆಗಲ ಮೇಲೆ ಹೊತ್ತು ಬೀದಿಗೆ ಇಳಿದಳು. "ನಿಮ್ಮ ಅಂಗಳದಾಗೂ ನಿಲ್ತೈತೆ, ಒಂದು ಸಲ ನೋಡ್ರಿ" ಅಂತ ಬಾಗಿಲು ಬಾಗಿಲು ಬಡಿದಳು. ಪಟಪಟ ಬಾಗಿಲು ಮುಚ್ಚಿಕೊಂಡವು. ಚುನಾವಣೆಯಲ್ಲಿ ಗೆದ್ದವನು ವಾಪಸ್ ಬಂದಾಗಲೂ ಆ ಊರು ಅಷ್ಟು ಬೆರಗಾಗಿ ನೋಡಿರಲಿಲ್ಲ, ಕಿಟಕಿಯ ಸಂದಿಯಿಂದ.

ದಾಕ್ಷಾಯಣಿಯ ಕುಬಸಕ್ಕೆ ಹಾಲಮ್ಮ ಮನೆಮನೆಗೆ ಕರೆಯಲು ಹೋದಳು. ಹಸಿರು ಸೀರೆ ಉಟ್ಟು, ಹಸಿರು ಬಳೆ ತೊಟ್ಟು ದಾಕ್ಷಾಯಣಿ ಮಣೆಯ ಮೇಲೆ ಕೂತಿದ್ದಳು. ಮಡಿಲು ತುಂಬಲು ಒಬ್ಬ ಮುತ್ತೈದೆಯೂ ಬರಲಿಲ್ಲ.

"ಅತ್ತೆ, ನನ್ನ ಕೂಸಿಗೆ ಗ್ರಹಣದ ಕೂಸು ಅಂತ ಹೆಸರಿಟ್ಟಾರಂತೆ. ಹುಟ್ಟೋ ಮೊದಲೇ."

ಹಾಲಮ್ಮ ಎದ್ದು ಒಳಗೆ ಹೋದಳು. ತಾನೇ ವಿಧವೆ, ಆದರೂ ಅಕ್ಕಿ ತಂದು ಸೊಸೆಯ ಮಡಿಲಿಗೆ ಹಾಕಿದಳು.

ಆಮೇಲೆ ನಡೆದಿದ್ದು ತಮಾಷೆ. ನಗು ಬಂದರೆ ನಗಿ.

ಒಂದು ಮುಸ್ಸಂಜೆ ಹಿತ್ತಲ ಬಾಗಿಲು ಸದ್ದಾಯಿತು. ನೋಡಿದರೆ ಪಂಪಾಪತಿ ಸಾವ್ಕಾರರ ಹೆಂಡತಿ ಶಿವಗಂಗಮ್ಮ. ತಲೆ ತುಂಬ ಸೆರಗು.

"ಹಾಲಮ್ಮಕ್ಕ, ಯಾರಿಗೂ ಹೇಳಬ್ಯಾಡ. ನೀನು ನಿಲ್ಲಿಸಿದ್ದು ಕಂಡು ನನಗೂ ತಲೆ ಕೆಟ್ಟಿತ್ತು. ಸುಮ್ನೆ ನೋಡೋಣ ಅಂತ ಅಡಿಗೆ ಮನೇಲಿ ನಮ್ಮ ಒನಕೆ ಇಟ್ಟೆ. ನಮ್ಮನೇಲೂ ನಿಂತುಬಿಡ್ತು."

"ನಿಲ್ತೈತೆ ಕಣವ್ವ, ನಾನು ಹೇಳಿದ್ದೂ ಅದೇ ಅಲ್ವಾ!"

"ಬೀಳ್ತಾನೇ ಇಲ್ಲ. ಮುಟ್ಟೋಕೆ ಭಯ. ಸುತ್ತ ಚಾಪೆ ಮರೆ ಮಾಡೀನಿ. ನಮ್ಮನೆಯೋರಿಗೂ ಹೇಳಿಲ್ಲ. ಏನಾದ್ರೂ ಪರಿಹಾರ ಐತಾ?"

ಅವಳು ಹೋದ ಮೇಲೆ ಟೈಲರ್ ಬಂದ. ಟೈಲರ್ ಹೋದ ಮೇಲೆ ಹಿಟ್ಟಿನ ಗಿರಣಿಯವನ ತಾಯಿ. ಮಾರನೇ ಸಂಜೆ ಇನ್ನಷ್ಟು ಜನ. ಎಲ್ಲರದೂ ಒಂದೇ ಪಿಸುಮಾತು. ನಮ್ಮನೇಲೂ ನಿಂತೈತೆ, ನಿನ್ನ ದಮ್ಮಯ್ಯ, ಯಾರಿಗೂ ಹೇಳಬ್ಯಾಡ. ಒಬ್ಬೊಬ್ಬರೂ ತಮ್ಮ ಮನೆಗೆ ಮಾತ್ರ ಗ್ರಹಣ ಹಿಡಿದಿದೆ ಅಂತ ನಡುಗುತ್ತಿದ್ದರು. ಮಿಕ್ಸಿಯಿಂದಾಗಿ ಬುಡ ಸವೆಯದೆ ಉಳಿದಿದ್ದ ಒನಕೆಗಳು ಊರ ತುಂಬ ಬಾಗಿಲ ಹಿಂದೆ, ಚಾಪೆಯ ಮರೆಯಲ್ಲಿ, ದೇವರಂತೆ ನಿಂತಿದ್ದವು.

ಹಾಲಮ್ಮನಿಗೆ ಎಷ್ಟೋ ದಿನಗಳ ಮೇಲೆ ನಗು ಬಂತು. ಮುಂದೆ ಬಂದವಳ ಕೈ ಹಿಡಿದುಕೊಂಡಳು. "ಎಲ್ಲಾರ ಮನೇಲೂ ನಿಂತೈತೆ ಕಣೇ. ನಾಳೆ ಗುಡಿ ಮುಂದೆ ಎಲ್ಲಾರೂ ಒಂದೇ ಸಲ ಹೇಳಿಬಿಟ್ರೆ ಮುಗೀತು."

"ಅಯ್ಯೋ, ನೀನೇ ಹೇಳವ್ವ" ಅಂದಳು ಅವಳು ಕೈ ಬಿಡಿಸಿಕೊಂಡು. "ನಿನಗೆ ಹೆಂಗೂ ಹಿಡಿದೈತಲ್ಲ."

ಪಂಚಾಯ್ತಿ ಸೇರಿತು. ಬಸ್ ಸ್ಟ್ಯಾಂಡಿನ ಎದುರು ಗ್ರಹಣದ ಅಂಗಡಿ ಇದ್ದರೆ ಊರಿಗೆ ಕೇಡು ಅಂತ ಮಾತಾಗಿತ್ತು. ಪಂಪಾಪತಿ ಸಾವ್ಕಾರರು ಒಂದು ದಾರಿ ಹೇಳಿದರು. ಹಾಲಮ್ಮ ಎಲ್ಲರ ಎದುರು ಒನಕೆ ಇಡಬೇಕು. ಬಿದ್ದರೆ ಗ್ರಹಣ ಬಿಟ್ಟ ಹಾಗೆ. ನಿಂತರೆ ಅಂಗಡಿ ಕಿತ್ತುಕೊಂಡು ಬೇರೆ ಊರು ನೋಡಿಕೊಳ್ಳಬೇಕು. ಸೊಸೆಗೆ ದಿನ ತುಂಬಿತ್ತು. ಇದು ಬೇರೆ ಊರು ನೋಡಿಕೊಳ್ಳುವ ಕಾಲವೇ?

ಹಾಲಮ್ಮ ಒನಕೆ ಹಿಡಿದುಕೊಂಡು ಗುಡಿಯ ಮುಂದೆ ನಿಂತಳು.

"ಇಡ್ತೀನಿ. ಅದಕ್ಕೂ ಮೊದಲು ಒಂದು ಮಾತು. ನಿಮ್ಮಲ್ಲಿ ಯಾರ ಯಾರ ಮನೇಲಿ ಈಗ ಒನಕೆ ನಿಂತೈತೋ, ಅವರು ಕೈ ಎತ್ರಿ."

ಶಿವಗಂಗಮ್ಮ ಸೆರಗು ಸರಿಮಾಡಿಕೊಂಡಳು. ಟೈಲರ್ ಆಕಾಶ ನೋಡಿದ, ಅವನಿಗೂ ಆಗ ಖಗೋಳದಲ್ಲಿ ಆಸಕ್ತಿ ಹುಟ್ಟಿತ್ತು. ಗಿರಣಿಯವನ ತಾಯಿ, "ನಮ್ಮನೇಲಿ ಒನಕೇನೇ ಇಲ್ಲಪ್ಪ" ಅಂತ ಯಾರೂ ಕೇಳದಿದ್ದರೂ ಹೇಳಿದಳು.

"ಯಾರೂ ಇಲ್ವಾ?" ಹಾಲಮ್ಮ ಒಬ್ಬೊಬ್ಬರ ಮುಖ ನೋಡಿದಳು. "ಶಿವಗಂಗಕ್ಕ?"

"ನನ್ನನ್ಯಾಕೆ ಕೇಳ್ತಿ?" ಅಂದಳು ಶಿವಗಂಗಮ್ಮ. ಗಂಡನ ಕಡೆ ತಿರುಗಿ, "ನೋಡ್ರಿ, ಮರ್ಯಾದಸ್ಥರ ಮೇಲೆ ಹಾಕ್ತಾಳೆ" ಅಂದಳು.

ಒಂದು ಕೈಯೂ ಮೇಲೇಳಲಿಲ್ಲ.

ದೂರದಲ್ಲಿ ಕಂಬ ಹಿಡಿದುಕೊಂಡು ದಾಕ್ಷಾಯಣಿ ನಿಂತಿದ್ದಳು. ಒಂದು ಕೈ ಹೊಟ್ಟೆಯ ಮೇಲಿತ್ತು. ಹಾಲಮ್ಮ ಅವಳನ್ನು ನೋಡಿದಳು. ತಟ್ಟೆಯಲ್ಲಿ ಒನಕೆ ಇಟ್ಟಳು. ಕೈ ಬಿಟ್ಟಳು. ಒನಕೆ ನಿಂತಿತು. ಅದಕ್ಕೇನು ಗೊತ್ತು, ಅದು ನಿಲ್ಲುವುದನ್ನಷ್ಟೇ ಕಲಿತದ್ದು.

ಜನರೊಳಗೆ ಗುಜುಗುಜು ಎದ್ದಿತು. ಹಾಲಮ್ಮ ಒನಕೆಯ ಮುಂದೆ ಮಂಡಿಯೂರಿದಳು. ಸೆರಗು ಹಾಸಿ, ತಲೆ ತಗ್ಗಿಸಿ, ಅಡ್ಡಬಿದ್ದಳು. ಏಳುವಾಗ ಸೆರಗಿನ ಅಡಿಯಿಂದ ಹೆಬ್ಬೆರಳಲ್ಲಿ ತಟ್ಟೆಯ ಅಂಚನ್ನು ಒತ್ತಿದಳು.

ಒನಕೆ ಬಿತ್ತು.

"ಬಿಡ್ತು! ಬಿಡ್ತು!" ಊರು ಕುಣಿಯಿತು. ಪಂಪಾಪತಿ ಸಾವ್ಕಾರರ ಕಣ್ಣಲ್ಲಿ ನೀರು ಬಂತು. "ನೋಡಿದ್ಯಾ ಹಾಲಮ್ಮ, ತಲೆ ಬಾಗಿದ ಕೂಡ್ಲೇ ಹೆಂಗೆ ಬಿಡ್ತು!" ಅಂದರು. ನಿಜವಾಗಿಯೂ ಅವಳಿಗಾಗಿ ಸಂತೋಷಪಟ್ಟರು.

ಜನ ಲಗುಬಗೆಯಿಂದ ಮನೆಗಳಿಗೆ ಹೋದರು. ಸ್ವಲ್ಪ ಹೊತ್ತಿಗೆ ಶಿವಗಂಗಮ್ಮನ ಅಡಿಗೆ ಮನೆಯಿಂದ ದಡ್ ಅಂತ ಒಂದು ಸದ್ದು ಬಂತು. ಆಮೇಲೆ ಟೈಲರ್ ಮನೆಯಿಂದ. ಆಮೇಲೆ ಒನಕೆಯೇ ಇಲ್ಲದ ಗಿರಣಿಯವನ ಮನೆಯಿಂದ. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ದಡ್, ದಡ್, ದಡ್. ಹಾಲಮ್ಮನಿಗೆ ಬಿಟ್ಟಿದ್ದು ತಮಗೂ ಬಿಟ್ಟಿರಬೇಕಲ್ಲ, ಅದಕ್ಕೆ ಒಬ್ಬೊಬ್ಬರೂ ಬಾಗಿಲು ಹಾಕಿಕೊಂಡು ಒಂದು ಬೆರಳಿನ ಸಹಾಯ ಮಾಡುತ್ತಿದ್ದರು.

ಸಂಜೆಗೆ ಅಂಗಡಿಯ ಮುಂದೆ ನೂಕುನುಗ್ಗಲು. ಸಾವ್ಕಾರರೇ ಹಿಟ್ಟು, ಎಣ್ಣೆ ಕಳಿಸಿದ್ದರು. ಉಗಿದು ಹೋದವನೂ ಬಂದು, "ಎರಡು ಜಾಸ್ತಿ ಹಾಕವ್ವ" ಅಂದ. ಮಡಿಲು ತುಂಬಲು ಹೆಂಗಸರು ಅಕ್ಕಿ, ಕೊಬ್ಬರಿ ಹಿಡಿದುಕೊಂಡು ಬಂದರು. ಹಾಲಮ್ಮ ಯಾರನ್ನೂ ಏನೂ ಕೇಳಲಿಲ್ಲ. ಕೇಳಿದವರಿಗೆ ಕೇಳಿದಷ್ಟು ಮಿರ್ಚಿ ಕೊಟ್ಟಳು, ಬಾಣಲೆಯಿಂದ ಕತ್ತೆತ್ತಲಿಲ್ಲ.

ಗದ್ದಲ ಕರಗಿದ ಮೇಲೆ ದಾಕ್ಷಾಯಣಿ ಮಡಿಲಕ್ಕಿಯ ಭಾರ ಹಿಡಿದುಕೊಂಡು ಹತ್ತಿರ ಬಂದು ನಿಂತಳು.

"ಅತ್ತೆ, ನಿಜ ಹೇಳ್ರಿ. ಅದು ತಾನಾಗೇ ಬಿತ್ತಾ?"

ಹಾಲಮ್ಮ ಬಾಣಲೆಯ ಎಣ್ಣೆಯನ್ನೇ ನೋಡುತ್ತಿದ್ದಳು.

"ಹೂಂ ಕಣವ್ವ" ಅಂದಳು. "ತಾನಾಗೇ ಬಿತ್ತು."

ನೀತಿ: ನಂಬಿಕೆಗೆ ಸಾಕ್ಷಿಯನ್ನು ಬಡಿಸಿದರೆ ಅದು ಸಾಕ್ಷಿಯನ್ನೂ ತಿಂದು ತೇಗುತ್ತದೆ. ಎಲ್ಲರ ಮನೆಯಲ್ಲೂ ಇರುವ ನಿಜವನ್ನು ಯಾರೂ ಒಪ್ಪದಿದ್ದರೆ, ಮೊದಲು ಬಾಯಿಬಿಟ್ಟವರ ಮನೆಗೆ ಮಾತ್ರ ಗ್ರಹಣ. ಆದ್ದರಿಂದ ಮೊದಲನೆಯ ಕೈ ಎತ್ತುವ ಧೈರ್ಯ ನಿಮಗಿಲ್ಲದಿದ್ದರೆ ಬೇಡ, ಬಹಳ ಜನಕ್ಕೆ ಇರುವುದಿಲ್ಲ. ಎರಡನೆಯದನ್ನಾದರೂ ಎತ್ತಿ.